ಲಕ್ವಾ ಹೊಡೆದ ಬಲಗೈ: ರೊಟ್ಟಿ ಮುರಿಯೋದು, ಅಂಗಿ ಹಾಕ್ಕೊಳ್ಳೋದು ಹೆಂಗ?

ಜಮಖಂಡಿಯಿಂದ ಪ್ರಶ್ನೆ
62 ವರ್ಷದವರು, ಲಕ್ವಾ ಆಗಿ 3 ತಿಂಗಳು, ಬಲಭಾಗ. ಫಿಜಿಯೊಥೆರಪಿಯಿಂದ ಕೋಲು ಹಿಡಿದು ನಡೀತಾರ. ಊಟ, ಅಂಗಿ ಎರಡಕ್ಕೂ ಇನ್ನೊಬ್ಬರು ಬೇಕು. ಡಾಕ್ಟರ್ ಚೀಟಿಯೊಳಗ 'ಆಕ್ಯುಪೇಷನಲ್ ಥೆರಪಿ' ಬರದಾರ. ಫಿಜಿಯೊ, ಇದು ಎರಡೂ ಒಂದ ಅಲ್ಲೇನ್ರಿ? ದಿನಾ ರಬ್ಬರ್ ಚೆಂಡು ಹಿಚುಕಸ್ತೀವಿ, ಬೆರಳು ಇನ್ನಷ್ಟು ಮಡಚಿಕೊಳ್ಳಾಕತ್ತಾವ.

ಉತ್ತರ 1
ಮೊದಲ ಆ ಚೆಂಡು ಬಿಡ್ರಿ. ಇಂಥಾ ಕೈಯಾಗ ಮುಷ್ಟಿ ಕಟ್ಟೋ ಸ್ನಾಯು ಬಿಗಿಯಾಗಿರ್ತಾವ, ಬಿಚ್ಚೋವು ಸೋತಿರ್ತಾವ. ಹಿಚುಕಿಸಿದ್ರ ಬಿಗಿಯಾದದ್ದಕ್ಕ ಕೆಲಸ ಕೊಟ್ಟಂಗ. ಖಾಲಿ ಸ್ಟೀಲ್ ಲೋಟ ಹಿಡಿಸಿ, *ಬಿಡೋದು* ರೂಢಿ ಮಾಡಸ್ರಿ. ಟೇಬಲ್ ಮ್ಯಾಲೆ ಟಾವೆಲ್ ಹಾಸಿ, ಅದರ ಮ್ಯಾಲೆ ಅಂಗೈ ಇಟ್ಟು ಮುಂದಕ್ಕ ಸರಿಸೋದೂ ಚೊಲೋ.

ಫಿಜಿಯೊದವರು ಹೆಚ್ಚಾಗಿ ಬಲ, ಕೀಲು, ನಡಿಗೆ ನೋಡ್ತಾರ. ಓಟಿ, ಅಂದ್ರ ಆಕ್ಯುಪೇಷನಲ್ ಥೆರಪಿಯವರು, ದಿನದ ಕೆಲಸಾನ ಹಂತ ಹಂತವಾಗಿ ಬಿಡಿಸಿ ನೋಡ್ತಾರ. ರೊಟ್ಟಿ ಊಟ ಅಂದ್ರ ಒಂದು ಕೈ ಒತ್ತಬೇಕು, ಇನ್ನೊಂದು ಹರೀಬೇಕು, ಪಲ್ಯ ಹಿಡೀಬೇಕು, ಮುಂಗೈ ತಿರುಗಿಸಿ ಬಾಯಿಗೆ ಒಯ್ಯಬೇಕು. ಎಲ್ಲಿ ತಪ್ಪತೈತಿ, ಅಲ್ಲೇ ತಿದ್ದೋದು. ಸದ್ಯಕ್ಕ ಎಡಗೈ ಹರೀಲಿ, ಬಲಗೈ ರೊಟ್ಟಿ ಮ್ಯಾಲೆ ಭಾರ ಹಾಕಿ ಒತ್ತಲಿ. ತಾಟಿನ ಕೆಳಗ ಹಸಿ ಬಟ್ಟೆ ಹಾಸಿದ್ರ ಜಾರಂಗಿಲ್ಲ. ಚಮಚದ ಹಿಡಿಕೆಗೆ ಬಟ್ಟೆ ಸುತ್ತಿ ಸುಮಾರು 3 ಸೆಂ.ಮೀ. ದಪ್ಪ ಮಾಡ್ರಿ. ಕಡಕ್ ರೊಟ್ಟಿ ಒಂದೇ ಕೈಲೆ ಮುರಿತೈತಿ ಖರೆ, ಆದ್ರ ನುಂಗೋದು ಸರಿ ಐತೇನು ನೋಡದ ಕೊಡಬ್ಯಾಡ್ರಿ. ಬಲಗೈಗೆ ಸ್ಪರ್ಶ ಕಮ್ಮಿ ಇದ್ರ ಬಿಸಿ ಸಾರಿನ ಬಟ್ಟಲ ಎಡಗಡೆ ಇರಲಿ.

ಉತ್ತರ 2
ಅಂಗಿಗೆ ಒಂದ ನಿಯಮ: ಸೋತ ಕೈ ಮೊದಲು ಹಾಕೋದು, ಕೊನೀಗೆ ತಗಿಯೋದು. ಪಾದ ನೆಲಕ್ಕ ಊರುವಂಗ ಕುರ್ಚಿ ಮ್ಯಾಲೆ ಕುಂದರಸ್ರಿ. ಅಂಗಿಯ ತೋಳು ಮೊಣಕೈ ದಾಟಿ ಭುಜದ ತನಕ ಏರಬೇಕು. ಮೊಣಕೈ ಹತ್ರ ಬಿಟ್ರ ಜಾರಿ ಇಳೀತೈತಿ, ಮತ್ತ ಮೊದಲಿಂದ. ಸಡಿಲ ಅಂಗಿ, ಧೋತರದ ಬದಲಿ ಎಲಾಸ್ಟಿಕ್ ಪಾಯಜಾಮ. ಎಬ್ಬಸೋವಾಗ ಬಲಗೈ ಹಿಡಿದು ಜಗ್ಗಬ್ಯಾಡ್ರಿ, ಭುಜದ ಕೀಲು ಕೆಳಗ ಸರಿದು ನೋವು ಹತ್ತತೈತಿ.

ಇನ್ನೊಂದು: ಚೊಲೋ ಕೈ ಕಟ್ಟಿಹಾಕಿ ಸೋತ ಕೈಲೇ ಎಲ್ಲಾ ಮಾಡಸ್ರಿ, ಲಗೂ ಬರ್ತೈತಿ.

ಉತ್ತರ 3
ಕಟ್ಟೋ ವಿಚಾರ ಹಂಗ ಎಲ್ಲಾರಿಗೂ ನಡಿಯಂಗಿಲ್ರಿ. ಮಣಿಕಟ್ಟು ತಾನಾಗೇ ಸುಮಾರು 20 ಡಿಗ್ರಿ, ಬೆರಳು 10 ಡಿಗ್ರಿ ಮ್ಯಾಲೆ ಏಳೋವರಿಗೆ ಮಾತ್ರ ಆ ಪದ್ಧತಿ, ಅದೂ ಥೆರಪಿಸ್ಟ್ ಕೈಕೆಳಗ. ಇವರ ಕೋಲು ಇರೋದ ಎಡಗೈಯಾಗ. ಕಟ್ಟಿ ನಡೆಸಿದ್ರ ಬೀಳ್ತಾರ.

ಓಟಿಯವರನ್ನ ಹುಡುಕೋವಾಗ ಡಿಗ್ರಿ ಕೇಳ್ರಿ: ಬಿ.ಓ.ಟಿ. ಅಂದ್ರ ಆಕ್ಯುಪೇಷನಲ್ ಥೆರಪಿ. ಬಿ.ಪಿ.ಟಿ. ಅಂದ್ರ ಫಿಜಿಯೊ. ಮೊದಲ ಭೆಟ್ಟಿಗೆ ಅವರ ದಿನದ ಅಂಗಿ, ತಾಟು, ಚಮಚ ಚೀಲದಾಗ ಹಾಕ್ಕೊಂಡ ಹೋಗ್ರಿ.