ಅಪ್‌ಡೇಟ್: 14 ಆಂಗ್‌ಸ್ಟ್ರಾಮ್ ಪೀಕ್ ಕ್ಲೋರೈಟ್ ಅಲ್ಲ!
ನನ್ನ ಜೇಡಿಮಣ್ಣಿನ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಖನಿಜ ಗುರುತಿಸುವ ಪರೀಕ್ಷೆ) 14 ಮತ್ತು 7 ಆಂಗ್‌ಸ್ಟ್ರಾಮ್ ಹತ್ತಿರ ಪೀಕ್ ಬಂದಿದ್ದವು (ಈ ಅಂಕಿಗಳು ಹರಳಿನೊಳಗಿನ ಪರಮಾಣು ಪದರಗಳ ಅಂತರ), ಕ್ಲೋರೈಟ್ ಎಂಬ ಜೇಡಿಖನಿಜ ಇರಬಹುದಾ ಅಂತ ಇಲ್ಲಿ ಕೇಳಿದ್ದೆ.

ನೀವು ಹೇಳಿದಂತೆ ಸ್ಲೈಡನ್ನು ರಾತ್ರಿಯಿಡೀ ಎಥಿಲೀನ್ ಗ್ಲೈಕಾಲ್ ಆವಿಯಲ್ಲಿಟ್ಟೆ. 14ರ ಪೀಕ್ ಸೀದಾ 17ಕ್ಕೆ ಸರಿಯಿತು. ಗ್ಲೈಕಾಲ್ ಪದರಗಳ ನಡುವೆ ನುಗ್ಗಿ ಉಬ್ಬಿಸಿದೆ, ಅಂದರೆ ಅದು ಸ್ಮೆಕ್ಟೈಟ್, ಉಬ್ಬುವ ಜೇಡಿಖನಿಜ. ಕ್ಲೋರೈಟ್ ಹೀಗೆ ಉಬ್ಬುವುದಿಲ್ಲ. ಆಮೇಲೆ 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದೆ. 17ರದ್ದು 10ಕ್ಕೆ ಕುಸಿಯಿತು, 7ರದ್ದು ಮಾಯ! ಆ 7ರ ಪೀಕ್ ಕಯೋಲಿನೈಟ್ ಎಂಬ ಇನ್ನೊಂದು ಜೇಡಿಖನಿಜದ್ದು. ಆ ಬಿಸಿಗೆ ಹೈಡ್ರಾಕ್ಸಿಲ್ (OH ಗುಂಪು) ಕಳೆದುಕೊಂಡು ಅದರ ಹರಳಿನ ರಚನೆಯೇ ಕೆಡುತ್ತದೆ. ಕ್ಲೋರೈಟ್ ಇದ್ದಿದ್ದರೆ 14ರಲ್ಲಿ ಪೀಕ್ ಉಳಿಯಬೇಕಿತ್ತು, ಅಲ್ವಾ?

ಅಂದಹಾಗೆ, ಮೊದಲ ಸಲ ಪುಡಿಯನ್ನು ಸುಮ್ನೆ ತುಂಬಿ ಓಡಿಸಿದ್ದು ನನ್ನದೇ ತಪ್ಪು. 2 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನಷ್ಟೇ ನೀರಲ್ಲಿ ಬೇರ್ಪಡಿಸಿ ಗಾಜಿನ ಮೇಲೆ ಒಣಗಿಸಿದಾಗ ಪದರಗಳು ಚಪ್ಪಟೆಯಾಗಿ ಕೂತವು, ಪೀಕ್‌ಗಳು ಎದ್ದು ಕಂಡವು.