ಅಪ್ಪನ ಸಹಿಯನ್ನೇ ನಕಲಿ ಅನ್ನುತ್ತಿದೆ ನನ್ನ ಪ್ರೋಗ್ರಾಂ, ಎಲ್ಲಿ ತಪ್ಪಿದೆ?

ಹಾಸನದ_ಹುಡುಗ:
ಏಳನೇ ಸೆಮಿಸ್ಟರ್, ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್). ವರ್ಚುಯಲ್ ಲ್ಯಾಬ್ಸ್ ಅನ್ನುವ ಆನ್‌ಲೈನ್ ಪ್ರಯೋಗಾಲಯದಲ್ಲಿ ಹೈದರಾಬಾದ್ ಟ್ರಿಪಲ್ ಐಟಿಯವರ ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ಪ್ರಯೋಗಗಳನ್ನು ಮನೆಯಲ್ಲೇ ಕೂತು ಮುಗಿಸಿದೆ. ಅಲ್ಲಿ ಬಟನ್ ಒತ್ತಿದರೆ ಗ್ರಾಫ್ ನೆಟ್ಟಗೆ ಬರುತ್ತದೆ. ಅದೇ ಧೈರ್ಯದಲ್ಲಿ ಸಹಿ ಪರೀಕ್ಷೆಯನ್ನು ಪ್ರಾಜೆಕ್ಟ್‌ಗೆ ತಗೊಂಡೆ. ಸೀಡಾರ್ ಅನ್ನುವ ಸಿದ್ಧ ಸಹಿ ಸಂಗ್ರಹ ಬಳಸಿದೆ: 55 ಜನ, ತಲಾ 24 ಅಸಲಿ, 24 ನಕಲಿ. ಎಲ್ಲ ಬೆರೆಸಿ 80% ಕಲಿಕೆಗೆ, 20% ಪರೀಕ್ಷೆಗೆ ಅಂತ ಮಾಡಿ ಸಯಾಮೀಸ್ ನೆಟ್‌ವರ್ಕ್‌ಗೆ (ಎರಡು ಸಹಿ ಹೋಲಿಸಿ ಎಷ್ಟು ಹತ್ತಿರ ಅಂತ ಹೇಳುವ ನೆಟ್‌ವರ್ಕ್) ಕೊಟ್ಟೆ. 98% ಸರಿ ಉತ್ತರ ಬಂತು. ಗೈಡ್‌ಗೂ ಖುಷಿ.

ಆಮೇಲೆ ಅಪ್ಪನ ಕೈಲಿ 10 ಸಹಿ ಹಾಕಿಸಿದೆ. ಹಾಲಿನ ಲೆಕ್ಕ ಬರೆಯುವ ಗೆರೆ ಪುಸ್ತಕದಲ್ಲಿ. ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಏಳು ನಕಲಿ ಅಂತ ಬಂತು! ನಾನು ನೋಡಿಕೊಂಡು ಬರೆದ ಕಳ್ಳ ಸಹಿ ಮಾತ್ರ ಪಾಸ್. "ಹಂಗಾದ್ರೆ ಇನ್ಮೇಲೆ ಬ್ಯಾಂಕಿಗೆ ನೀನೇ ಹೋಗು" ಅಂದರು ಅಪ್ಪ.

ಪಿಕ್ಸೆಲ್_ಪುಟ್ಟಿ:
ಎಲ್ಲ ಬೆರೆಸಿದ್ದೇ ಎಡವಟ್ಟು. ಒಬ್ಬರದೇ ಸಹಿ ಕಲಿಕೆಯಲ್ಲೂ ಇದೆ, ಪರೀಕ್ಷೆಯಲ್ಲೂ ಇದೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹಾಗೆ ಅಲ್ವಾ? ಜನರನ್ನೇ ಬೇರೆ ಮಾಡಿ. 45 ಜನರ ಸಹಿಯಲ್ಲಿ ಕಲಿಸಿ, ಉಳಿದ 10 ಜನರದ್ದರಲ್ಲಿ ಪರೀಕ್ಷಿಸಿ. ಅಸಲಿಯನ್ನು ತಳ್ಳಿದ್ದೆಷ್ಟು, ನಕಲಿಯನ್ನು ಒಪ್ಪಿದ್ದೆಷ್ಟು, ಎರಡನ್ನೂ ಬೇರೆ ಬೇರೆ ಬರೆಯಿರಿ. ಪುಸ್ತಕದ ಗೆರೆಯನ್ನೂ ಅದು ಸಹಿಯ ಭಾಗ ಅಂದುಕೊಂಡಿರಬಹುದು. ಬಿಳಿ ಹಾಳೆ, ಸ್ಕ್ಯಾನರ್, 300 ಡಿಪಿಐ (ಇಂಚಿಗೆ 300 ಚುಕ್ಕೆ).

ಇನ್ನೊಂದು. ಸಯಾಮೀಸ್ ನೆಟ್‌ವರ್ಕ್ ಹುಟ್ಟಿದ್ದೇ ಸಹಿಗಾಗಿ, 1993ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆದರೆ ಅವರ ಸಹಿಗಳು ಪೆನ್ ಟ್ಯಾಬ್ಲೆಟ್ ಮೇಲೆ ಬರೆದವು. ಕೈ ಹೇಗೆ ಓಡಿತು ಅನ್ನುವುದೂ ಅದರಲ್ಲಿತ್ತು. ನಿಮ್ಮ ಫೋಟೋದಲ್ಲಿ ಬರೀ ಆಕಾರ.

ಹಳೇ_ಕ್ಯಾಷಿಯರ್:
ತಮ್ಮಾ, ಕೌಂಟರ್‌ನಲ್ಲಿ 30 ವರ್ಷ ಕೂತವನು ನಾನು. ಕಳ್ಳ ಸಹಿ ಅಸಲಿಗಿಂತ ಚೆಂದ ಇರುತ್ತಿತ್ತು! ನಿಧಾನ ಬರೆದಿರುತ್ತಾರೆ, ಗೆರೆ ಸಣ್ಣಗೆ ನಡುಗಿರುತ್ತದೆ. ವಯಸ್ಸಾದವರ ಸಹಿಯೂ ನಡುಗುತ್ತದೆ, ಅಲ್ಲೇ ಕಷ್ಟ. ಅಂಥವರಿಗೆ ಹೊಸ ಮಾದರಿ ಸಹಿ ಹಾಕಿಸುತ್ತಿದ್ದೆವು. ಈಗ 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್‌ಗೆ ಪಾಸಿಟಿವ್ ಪೇ ಇದೆ, 2021ರ ಜನವರಿಯಿಂದ. ಚೆಕ್ ಕೊಟ್ಟವರು ವಿವರವನ್ನು ಬ್ಯಾಂಕಿಗೆ ಇನ್ನೊಮ್ಮೆ ತಿಳಿಸುವ ವ್ಯವಸ್ಥೆ ಅದು. ಸಹಿ ಒಂದನ್ನೇ ನಂಬಿ ಕೂರುವುದಿಲ್ಲ.

ಹಾಸನದ_ಹುಡುಗ:
45-10 ಮಾಡಿದೆ. 98 ಹೋಗಿ 81 ಆಯ್ತು. ಗೈಡ್ ಮುಖ ಸಪ್ಪಗಾಯ್ತು, ಆದರೂ ರಿಪೋರ್ಟ್‌ನಲ್ಲಿ 81 ಅಂತಲೇ ಹಾಕುತ್ತೇನೆ. ಬಿಳಿ ಹಾಳೆಯನ್ನೂ ತಂದೆ. ಈಗ ಅಪ್ಪನದೇ ತಕರಾರು: "ಖಾಲಿ ಹಾಳೆ ಮೇಲೆ ನಾನು ಯಾರಿಗೂ ಸಹಿ ಹಾಕಲ್ಲ."