ಸ್ಟೇಕ್ ಮಸಾಲೆ ಮನೆಯಲ್ಲೇ ಮಾಡಿದವರು ಇದ್ದೀರಾ? ಮಳೆಗಾಲದಲ್ಲೂ ಗಂಟು ಕಟ್ಟಬಾರದು

ಶಿವಮೊಗ್ಗ ವಿನೋಬನಗರದಿಂದ ಕೇಳಿದ್ದು

ನಮ್ಮ ಭಾವ ಕೆನಡಾದಿಂದ ಬರುವಾಗ ಮಾಂಟ್ರಿಯಲ್ ಸ್ಟೇಕ್ ಮಸಾಲೆ ಅಂತ, ಅಂದರೆ ಸುಡುವ ದಪ್ಪ ಮಾಂಸದ ತುಂಡಿಗೆ ಹಚ್ಚೋ ಮಸಾಲೆ, ಒಂದು ಡಬ್ಬಿ ತಂದಿದ್ದರು. ಹಂದಿ ಚಾಪ್ಸ್‌ಗೆ, ಕೋಳಿಗೆ, ಕೊನೆಗೆ ಬೇಯಿಸಿದ ಮೊಟ್ಟೆಗೂ ಉದುರಿಸಿ ಖಾಲಿ ಮಾಡಿದೆವು. ಬಾಯಿಗೆ ಸಿಗೋದೆಲ್ಲ ನಮ್ಮ ಸಾಮಾನೇ: ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ. ದುಡ್ಡು ಕೊಟ್ಟು ತರಿಸೋದ್ಯಾಕೆ ಅಲ್ವಾ? ಅಳತೆ ಹೇಗೆ, ಒಣ ಬೆಳ್ಳುಳ್ಳಿಗೆ ಏನು ಮಾಡುತ್ತೀರಿ, ಜೂನ್ ಬಂದ ಮೇಲೆ ಕಲ್ಲಾಗದ ಹಾಗೆ ಇಡೋದು ಹೇಗೆ? ಮಾಡಿದವರು ಹೇಳಿ.

ಭದ್ರಾವತಿಯಿಂದ, ಹೋಟೆಲ್ ಅಡುಗೆಯವರು

ಅಕ್ಕ, ಇದು ಎಲ್ಲಿಂದ ಬಂತು ಅಂತ ಗೊತ್ತಾದರೆ ಅಳತೆ ಸುಲಭ. ಪೂರ್ವ ಯುರೋಪಿನಿಂದ ಮಾಂಟ್ರಿಯಲ್‌ಗೆ ಹೋದ ಯಹೂದಿಗಳು ಅಲ್ಲಿ ಸ್ಮೋಕ್ಡ್ ಮೀಟ್ (ಹೊಗೆ ಹಾಕಿದ ಮಾಂಸ) ಅಂಗಡಿ ಇಟ್ಟರು. ಮಾಂಸ ಊರಹಾಕೋಕೆ ಇಟ್ಟುಕೊಂಡಿದ್ದ ಮಸಾಲೆಯೇ ಆಮೇಲೆ ಸ್ಟೇಕ್ ಮೇಲೂ ಬಂತು. ಅದಕ್ಕೇ ಇದರಲ್ಲಿ ಕೊತ್ತಂಬರಿ ಬೀಜದ ಜೊತೆ ಸಬ್ಬಸಿಗೆ ಬೀಜವೂ ಇರುತ್ತದೆ. ನೀವು ಹೇಳಿದ ಪಟ್ಟಿಯಲ್ಲಿ ಅದೇ ಬಿಟ್ಟುಹೋಗಿದೆ. ಅದಿಲ್ಲದಿದ್ದರೆ ನಮ್ಮ ಪೆಪ್ಪರ್ ಚಿಕನ್ ರುಚಿಯೇ ಬರುತ್ತದೆ.

ನನ್ನ ಅಳತೆ 200 ಗ್ರಾಂಗೆ: ಉಪ್ಪು 60, ಕಾಳುಮೆಣಸು 50, ಕೊತ್ತಂಬರಿ ಬೀಜ 25, ಒಣ ಬೆಳ್ಳುಳ್ಳಿ 25, ಒಣ ಈರುಳ್ಳಿ 20, ಬ್ಯಾಡಗಿ ಮೆಣಸಿನಕಾಯಿ 15, ಸಬ್ಬಸಿಗೆ ಬೀಜ 5. ಚಮಚದಲ್ಲಿ ಅಳೆಯಬೇಡಿ. ಕಲ್ಲುಪ್ಪಿನ ಚಮಚಕ್ಕೂ ಪುಡಿ ಉಪ್ಪಿನ ಚಮಚಕ್ಕೂ ತೂಕ ಬೇರೆ ಬೇರೆ. ಒಂದು ಕೆ.ಜಿ. ಮಾಂಸಕ್ಕೆ ಈ ಮಸಾಲೆ 35 ಗ್ರಾಂ ಸಾಕು. ಅದರಲ್ಲಿ ಉಪ್ಪು ಹತ್ತು ಗ್ರಾಂ ಚಿಲ್ಲರೆ ಇರುತ್ತದೆ, ಬೇರೆ ಹಾಕೋದು ಬೇಡ.

ಅಳತೆಗಿಂತ ಮುಖ್ಯ ತರಿ. ಮಿಕ್ಸಿಗೆ ಹಾಕಿ ಸಾರಿನ ಪುಡಿ ಥರ ನುಣ್ಣಗೆ ಮಾಡಿದರೆ ಮುಗಿಯಿತು. ಕಾದ ಕಾವಲಿಯ ಮೇಲೆ ನುಣ್ಣನೆಯ ಮೆಣಸು, ಬೆಳ್ಳುಳ್ಳಿ ಮೊದಲು ಸೀಯುತ್ತವೆ, ಆಮೇಲೆ ಮಾಂಸ ಬೇಯುತ್ತದೆ. ಬಾಯಿಗೆ ಕಹಿ. ಕುಟ್ಟಾಣಿಯಲ್ಲಿ ಒಂದೊಂದೇ ಸಾಮಾನು ಬೇರೆ ಬೇರೆ ಕುಟ್ಟಿ. ಮೆಣಸಿನ ಒಂದು ಕಾಳು ನಾಲ್ಕೈದು ಚೂರಾದರೆ ಸಾಕು. ಟೀ ಸೋಸುವ ಜರಡಿಯಲ್ಲಿ ಒಮ್ಮೆ ಆಡಿಸಿ, ಕೆಳಗೆ ಬಿದ್ದ ನುಣ್ಣನೆ ಪುಡಿಯನ್ನು ಸಾರಿಗೆ ಇಟ್ಟುಕೊಳ್ಳಿ. ಕೊತ್ತಂಬರಿ ಬೀಜವನ್ನು ಹುರಿಯಬೇಡಿ, ಬೆಚ್ಚಗೆ ಮಾಡಿ ಅಷ್ಟೇ. ಹೇಗೂ ಮತ್ತೆ ಬೆಂಕಿ ಕಾಣುತ್ತದಲ್ಲ. ಅವರು ಪ್ಯಾಪ್ರಿಕಾ ಹಾಕುವ ಕಡೆ ಬ್ಯಾಡಗಿ ಕಣ್ಣುಮುಚ್ಚಿ ಹಾಕಿ, ಬಣ್ಣ ಜಾಸ್ತಿ ಖಾರ ಕಮ್ಮಿ. ಬೀಜ ಉದುರಿಸಿ, ಸಿಪ್ಪೆಯನ್ನು ಕೈಯಲ್ಲೇ ಮುರಿದರೂ ಆಗುತ್ತದೆ.

ಸಬ್ಬಸಿಗೆ ಬೀಜ ಗಾಂಧಿ ಬಜಾರಿನ ಕಡೆ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ ನೋಡಿ. ಬಿತ್ತನೆಗೆ ಅಂತ ಮಾರುವ ಪ್ಯಾಕೆಟ್ ಬೀಜ ಮಾತ್ರ ತರಬೇಡಿ, ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಸಿಗಲಿಲ್ಲ ಅಂದರೆ ಚಿಟಿಕೆ ಶಾಹಿ ಜೀರಿಗೆ ಹಾಕಿ. ಓಂಕಾಳು ಬೇಡ, ಉಳಿದಿದ್ದನ್ನೆಲ್ಲ ನುಂಗಿಬಿಡುತ್ತದೆ.

ತೀರ್ಥಹಳ್ಳಿ ಹತ್ತಿರದ ತೋಟದಿಂದ

ನಾನು ಮೆಣಸಿನ ಬಗ್ಗೆ ಮಾತ್ರ ಹೇಳುತ್ತೇನೆ, ಕಾಲು ಭಾಗ ಅದೇ ಇದೆಯಲ್ಲ. ಪ್ಯಾಕೆಟ್ ಪುಡಿ ಬೇಡವೇ ಬೇಡ. ಪುಡಿ ಮಾಡಿಟ್ಟ ಮೆಣಸಿನಲ್ಲಿ ಖಾರ ಉಳಿಯುತ್ತದೆ, ಪರಿಮಳದ ಎಣ್ಣೆ ಹಾರಿಹೋಗುತ್ತದೆ. ಕಾಳು ತರುವಾಗ ಒಂದು ಹಿಡಿಯನ್ನು ನೀರಿಗೆ ಹಾಕಿ ನೋಡಿ. ತೇಲಿದ್ದು ಜೊಳ್ಳು, ಇಲ್ಲವೇ ಪಪ್ಪಾಯಿ ಬೀಜ. ತೋಟದವರು ಪರಿಚಯ ಇದ್ದರೆ ಕೊಯ್ಲು ಮುಗಿದ ಮೇಲೆ, ಮಾರ್ಚ್ ಏಪ್ರಿಲ್ ಹೊತ್ತಿಗೆ, ಅವರ ಹತ್ತಿರವೇ ಕೇಳಿ. ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ ಒಣಗಿಸಿದ ಕಾಳು ಒಂದೇ ಸಮ ಕಪ್ಪಗಿರುತ್ತದೆ, ಬೇಗ ಒಣಗುತ್ತದೆ, ಬೂಷ್ಟು ಹಿಡಿಯೋದು ಕಮ್ಮಿ. ನಾವು ಹಾಗೇ ಮಾಡೋದು.

ಆಗುಂಬೆ ಕಡೆಯಿಂದ

ಭದ್ರಾವತಿಯವರ ಅಳತೆ ಸರಿ ಇದೆ. ಉಪ್ಪು ಸೇರಿಸಿ ಇಡಿ ಅನ್ನೋದು ಮಾತ್ರ ನಮ್ಮಲ್ಲಿ ನಡೆಯೋದಿಲ್ಲ ಸರ್. ಇಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ. ಗಾಳಿಯ ತೇವ ಶೇಕಡ 75 ದಾಟಿದರೆ ಅಪ್ಪಟ ಉಪ್ಪು ಕೂಡ ನೀರು ಎಳೆದುಕೊಳ್ಳುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಅಂಶ ಬೇರೆ ಇರೋದರಿಂದ ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ. ಆ ನೀರು ಪಕ್ಕದ ಬೆಳ್ಳುಳ್ಳಿಗೆ ಹೋಗಿ ಎಲ್ಲ ಸೇರಿ ಗಟ್ಟಿ. ಒಂದು ಚಿಟಿಕೆ ಅಕ್ಕಿ ಕಾಳು ಹಾಕಿದರೆ ಸರಿಹೋಗುತ್ತದೆ ಅನ್ನೋದೆಲ್ಲ ಬಯಲುಸೀಮೆಗೆ ಸರಿ.

ನಮ್ಮ ಉಪಾಯ ಇಷ್ಟೇ: ಉಪ್ಪನ್ನು ಬೇರೆ ಇಡಿ. ಉಳಿದ ಆರು ಸಾಮಾನು ಸೇರಿಸಿ ಸಣ್ಣ ಸಣ್ಣ ಗಾಜಿನ ಬಾಟಲಿಗೆ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದು ತೆಗೆಯಿರಿ. ಒಂದು ಕೆ.ಜಿ. ಮಾಂಸಕ್ಕೆ ಮಸಾಲೆ 25 ಗ್ರಾಂ, ಉಪ್ಪು 10 ಗ್ರಾಂ. ಇನ್ನೊಂದು ಮಾತು, ಆವಿ ಏಳುವ ಬಾಣಲೆ ಮೇಲೆ ಬಾಟಲಿ ಹಿಡಿದು ಉದುರಿಸಬಾರದು. ಅಂಗೈಗೆ ಹಾಕಿಕೊಂಡು ಉದುರಿಸಿ. ಮಳೆಗಿಂತ ಆ ಆವಿಯೇ ಜಾಸ್ತಿ ಹಾಳು ಮಾಡೋದು.

ಬೆಳ್ಳುಳ್ಳಿ ಒಣಗಿಸೋ ಕೆಲಸ ಮೇ ತಿಂಗಳೊಳಗೆ ಮುಗಿಸಿ. ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ, ಗೆರಸೆಯಲ್ಲಿ ಹರಡಿ, ಮೇಲೆ ತೆಳು ಬಟ್ಟೆ ಹೊದಿಸಿ ಬಿಸಿಲಿಗಿಡಿ. ಬಗ್ಗಿದರೆ ಆಗಿಲ್ಲ, ಚಟ್ ಅಂತ ಮುರಿಯಬೇಕು. ಬೆಳ್ಳುಳ್ಳಿ ಒಣಗಿದರೆ ಮೂರನೇ ಒಂದು ಭಾಗ ಉಳಿಯುತ್ತದೆ. ಈರುಳ್ಳಿಯಲ್ಲಿ ನೀರೇ ಜಾಸ್ತಿ, 20 ಗ್ರಾಂ ಒಣ ಈರುಳ್ಳಿ ಬೇಕು ಅಂದರೆ ಹಸಿದು ಹತ್ತಿರಹತ್ತಿರ 200 ಗ್ರಾಂ ಹೆಚ್ಚಬೇಕು. ಮಳೆ ಹಿಡಿದ ಮೇಲೆ ಮಾಡೋದಾದರೆ ಓವನ್ 60 ಡಿಗ್ರಿಯಲ್ಲಿ ಬಾಗಿಲು ಸ್ವಲ್ಪ ತೆರೆದು ಇಡಿ. ಸೌದೆ ಒಲೆ ಇರುವ ಮನೆಯಾದರೆ ಒಲೆ ಮೇಲಿನ ಅಟ್ಟ ಇದೆ. ಅಲ್ಲಿ ಇಟ್ಟರೆ ಹೊಗೆ ವಾಸನೆ ಹಿಡಿಯುತ್ತದೆ. ನನಗೆ ಅದೇ ಇಷ್ಟ, ನಮ್ಮ ಮನೆಯವರಿಗೆ ಆಗೋದಿಲ್ಲ.

ಭದ್ರಾವತಿಯಿಂದ ಮತ್ತೆ

ಆಗುಂಬೆಯವರು ಹೇಳಿದ್ದು ಒಪ್ಪಿದೆ. ಉಪ್ಪು ಬೇರೆ ಇಟ್ಟರೆ ಇನ್ನೊಂದು ಲಾಭವೂ ಇದೆ. ಉಪ್ಪು ಹಚ್ಚಿದ ಕೂಡಲೇ ಮಾಂಸ ನೀರು ಬಿಡುತ್ತದೆ, ಮುಕ್ಕಾಲು ಗಂಟೆ ಬಿಟ್ಟರೆ ಆ ನೀರು ವಾಪಸ್ ಒಳಗೆ ಹೋಗುತ್ತದೆ. ನಡುವೆ ಕಾವಲಿಗೆ ಹಾಕಿದರೆ ಹುರಿಯೋ ಬದಲು ಬೇಯುತ್ತದೆ. ಹಾಗಾಗಿ ಉಪ್ಪು ಒಂದು ಗಂಟೆ ಮೊದಲೇ ಹಚ್ಚಿ. ಇಡುವ ಮುಂಚೆ ಮೇಲಿನ ನೀರನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಚೂರು ಎಣ್ಣೆ ಸವರಿ, ಮಸಾಲೆ ಒತ್ತಿ. ಊರಿನ ಹಂದಿ ಆದರೆ ಒಳಗೆ ಕೆಂಪಾಗಿ ಬಿಡೋ ಶೋಕಿ ಬೇಡ, ಲಾಡಿಹುಳದ ಭಯ ಇದೆ. ಪೂರ್ತಿ ಬೇಯಬೇಕು. ಎರಡೂ ಮಗ್ಗುಲು ಜೋರು ಉರಿಯಲ್ಲಿ ಬಣ್ಣ ಬರಿಸಿ, ಉರಿ ಸಣ್ಣ ಮಾಡಿ ಮುಚ್ಚಿಡಿ.

ಕೊಪ್ಪದಿಂದ

ಒಳ್ಳೆ ಮಾಂಸಕ್ಕೆ ಉಪ್ಪು, ಮೆಣಸು ಬಿಟ್ಟು ಇನ್ನೇನೂ ಬೇಡ ಅನ್ನೋ ಪೈಕಿ ನಾನು. ಏಳು ಸಾಮಾನು ಹಾಕಿ ಯಾವುದರ ರುಚಿ ನೋಡೋದು? ಕೋಳಿಗಾದರೆ ಸರಿ, ಫಾರಂ ಕೋಳಿಗೆ ಸ್ವಂತ ರುಚಿ ಏನೂ ಇಲ್ಲವಲ್ಲ. ಹಂದಿಗೆ ಹಾಕೋದಾದರೆ ಕೊನೆಯಲ್ಲಿ ಉಪ್ಪಾಗೆ ಅನ್ನೋ ಕಾಡುಹಣ್ಣಿನ ಹುಳಿ ನಾಲ್ಕು ಹನಿ ಬಿಡಿ. ಕೊಬ್ಬಿನ ಜಿಡ್ಡಿಗೆ ಹುಳಿ ಬೇಕೇ ಬೇಕು.

ಸಾಗರದಿಂದ

ನಮ್ಮದು ಮಾಂಸ ತಿನ್ನದ ಮನೆ, ಆದರೂ ಮಗಳ ಹಟಕ್ಕೆ ಈ ಮಸಾಲೆ ಮಾಡಿದ್ದೇವೆ, ಸುವರ್ಣಗೆಡ್ಡೆಗೆ! ಗೆಡ್ಡೆಯನ್ನು ಬೆರಳು ದಪ್ಪ ಹೋಳು ಮಾಡಿ, ಉಪ್ಪು ಮತ್ತು ಹುಣಸೆಹುಳಿ ಹಾಕಿದ ನೀರಲ್ಲಿ ಅರ್ಧ ಬೇಯಿಸಿ. ಹುಳಿ ಬಿಟ್ಟರೆ ಗಂಟಲು ತುರಿಸುತ್ತದೆ. ವಾಟೆಹುಳಿ ಇದ್ದರೆ ಅದನ್ನೇ ಹಾಕಿ. ನೀರು ಬಸಿದು, ಒರೆಸಿ, ಆರಿದ ಮೇಲೆ ಎಣ್ಣೆ, ಮಸಾಲೆ ಹಚ್ಚಿ ಕಬ್ಬಿಣದ ಕಾವಲಿಯಲ್ಲಿ ಗರಿ ಆಗುವವರೆಗೆ ಬಿಡಿ. ನಾವು ಬೆಳ್ಳುಳ್ಳಿ, ಈರುಳ್ಳಿ ಬಿಟ್ಟು ಚಿಟಿಕೆ ಇಂಗಿನ ಪುಡಿ ಹಾಕುತ್ತೇವೆ. ಉಪ್ಪು ನೀರಿಗೇ ಹಾಕಿರೋದರಿಂದ ಉಪ್ಪಿಲ್ಲದ ಮಸಾಲೆಯೇ ಇಲ್ಲಿ ಅನುಕೂಲ. ಎಳೆ ಹಲಸಿನಕಾಯಿ ಹೋಳಿಗೂ ನಡೆಯುತ್ತದೆ, ಆದರೆ ಗೆಡ್ಡೆಯ ಮಜಾ ಅದಕ್ಕಿಲ್ಲ.

ಕೇಳಿದವರು, ವಿನೋಬನಗರ

ಎಲ್ಲರಿಗೂ ಥ್ಯಾಂಕ್ಸ್. ಉಪ್ಪು ಬೇರೆ ಇಡೋದು ಅಂತ ತೀರ್ಮಾನ ಆಯಿತು. ಇನ್ನೊಂದೇ ಪ್ರಶ್ನೆ: ಕೆಲವರು ಇದಕ್ಕೆ ಕಂದು ಸಕ್ಕರೆ ಹಾಕುತ್ತಾರಲ್ಲ, ಅದರ ಬದಲು ಬೆಲ್ಲದ ಪುಡಿ ಸೇರಿಸಬಹುದಾ? ಮಕ್ಕಳಿಗೆ ಸ್ವಲ್ಪ ಸಿಹಿ ಇಷ್ಟ.

ಆಗುಂಬೆ ಕಡೆಯಿಂದ

ಬಾಟಲಿಗೆ ಬೇಡ ಅಕ್ಕ. ತೇವ ಎಳೆಯೋದರಲ್ಲಿ ಬೆಲ್ಲ ಉಪ್ಪಿಗಿಂತ ಮುಂದೆ. ಕಾವಲಿಯ ಜೋರು ಉರಿಗೆ ಸೀದು ಕಪ್ಪೂ ಆಗುತ್ತದೆ. ಮಕ್ಕಳ ಪಾಲಿನ ಚಾಪ್ಸ್ ಬೆಂದು ಇಳಿಸುವ ಹೊತ್ತಿಗೆ ಚೂರು ಜೇನುತುಪ್ಪ ಸವರಿ ಕೊಡಿ, ಅವರದ್ದರಲ್ಲಿ ಮೆಣಸು ಅರ್ಧ ಮಾಡಿ.